ಕ್ರಾಮ್‌ವೆಲ್ ಕೆಡವದ ಚರ್ಚು

ಥರ್ನಿಂಗ್‌ಬಿಯಲ್ಲಿ ಏನು ಮುರಿದಿದ್ದರೂ ಮುರಿದವನು ಹದಿನೇಳನೇ ಶತಮಾನದ ದಂಡನಾಯಕ ಕ್ರಾಮ್‌ವೆಲ್. ಮೂಗಿಲ್ಲದ ಕಲ್ಲಿನ ಸಂತ, ಸೊಟ್ಟಗಾದ ಸೇತುವೆ, ಬಾರ್ಲಿ ಹೊಲದ ನಡುವೆ ಚಾವಣಿಯಿಲ್ಲದೆ ನಿಂತ ಸಂತ ಬೊಟಾಲ್ಫನ ಚರ್ಚು, ಎಲ್ಲವೂ ಅವನ ದಂಡಿನ ಕೆಲಸ. ಅವನು ಇಂಗ್ಲೆಂಡಿನ ನಾರ್ಫಕ್‌ನ ಈ ಮೂಲೆಗೆ ಕಾಲಿಟ್ಟಿದ್ದಕ್ಕೆ ಒಂದು ಚೀಟಿಯ ಪುರಾವೆಯೂ ಇಲ್ಲ; ಊರಿಗೆ ಅದರಿಂದ ಅಡ್ಡಿಯೂ ಇಲ್ಲ. ಚರ್ಚಿನ ಗಂಟೆ ಕಾಣೆಯಾದದ್ದನ್ನು ಮಾತ್ರ ಅವನ ಲೆಕ್ಕಕ್ಕೆ ಬರೆದಿರಲಿಲ್ಲ. ಅದನ್ನು ಕದ್ದವನು ಆ ಕಾಲದ ಚರ್ಚಿನ ಗುಮಾಸ್ತ ಏಮಸ್ ಲಾರ್‌ವುಡ್ ಎಂಬ ಮಾತಿತ್ತು. ಆ ವಂಶದಲ್ಲಿ ಉಳಿದವಳು ಹೆಸ್ಟರ್ ಒಬ್ಬಳೇ. ಶಾಲೆಯಲ್ಲಿ ಅವಳು ಎದುರಾದಾಗಲೆಲ್ಲ ಹುಡುಗರು ‘ಢಣ್’ ಎನ್ನುತ್ತಿದ್ದರು. ಅರವತ್ತು ವರ್ಷ ಕಳೆದರೂ ಅವಳಿಗೆ ಅದರ ಉರಿ ಆರಿರಲಿಲ್ಲ.

ಹೆಸ್ಟರ್ ಈಗ ಊರಾಡಳಿತ ನೋಡುವ ಪ್ಯಾರಿಷ್ ಕೌನ್ಸಿಲಿನ ಕಾರ್ಯದರ್ಶಿ. ಶನಿವಾರ ಬೆಳಿಗ್ಗೆ ಸಭೆ ಸೇರಿದ್ದು ಪಾಳು ಚರ್ಚಿನ ಮುಂದೆ ನೆಡುವ ಫಲಕದ ಒಕ್ಕಣೆಗೆ ಒಪ್ಪಿಗೆ ಕೊಡಲು. ಅಧ್ಯಕ್ಷ ರೋಲಂಡ್ ಬಕ್ಸ್‌ಟನ್, ಹಂದಿ ಸಾಕುವವನು, ಅವಳ ಸಹಪಾಠಿ, ಗಟ್ಟಿಯಾಗಿ ಓದಿದ: “ಚಾವಣಿಯನ್ನು ಕ್ರಾಮ್‌ವೆಲ್‌ನ ಸೈನಿಕರು ಕಿತ್ತರು. ಗಂಟೆಯನ್ನು ಗುಮಾಸ್ತ ಲಾರ್‌ವುಡ್ ಕದ್ದ.”

ಹೆಸ್ಟರ್ ದಾಖಲೆ ಕಚೇರಿಯಿಂದ ತಂದ ಹಳೆಯ ಪುಟದ ನಕಲನ್ನು ಅವನ ಮುಂದೆ ತಳ್ಳಿದಳು. “ಸಾವಿರದ ಏಳುನೂರ ಅರವತ್ತೇಳು. ಚರ್ಚು ಊರಿಗೆ ದೊಡ್ಡದಾಯ್ತು, ಸೋರುತ್ತೆ, ಚಾವಣಿಯ ಸೀಸದ ತಗಡು, ಗಂಟೆ ಎರಡನ್ನೂ ಮಾರೋಣ ಅಂತ ಹನ್ನೊಂದು ಜನ ಸಹಿ ಹಾಕಿದಾರೆ. ಮೊದಲನೇ ಸಹಿ ಯಾರದು ಓದು.”

“ಕನ್ನಡಕ ತಂದಿಲ್ಲ ಕಣೇ.”

“ಮೂಗಿನ ಮೇಲಿದೆ.”

ಚಹಾ ಬಗ್ಗಿಸುತ್ತಿದ್ದ ಸದಸ್ಯೆ ಮಾಡ್ ನಗು ತಡೆಯಲು ಬಾಯಿ ಮುಚ್ಚಿಕೊಂಡಳು.

“ಬಕ್ಸ್‌ಟನ್,” ಎಂದಳು ಹೆಸ್ಟರ್. “ಗೋಪುರದ ಕೀಲಿ ಕೊಡಲ್ಲ ಅಂದವನು ಏಮಸ್. ಕೆಲಸದಿಂದ ತೆಗೆದು, ಬಾಗಿಲು ಒಡೆದು ಗಂಟೆ ಇಳಿಸಿದಾರೆ. ಆಮೇಲೆ ಚರ್ಚಿನ ಕಲ್ಲು ಹೊತ್ತವನಿಗೆ ಹೊತ್ತಷ್ಟು. ನಿನ್ನ ಹಂದಿಗೂಡಿಗೆ ಆ ಕೆತ್ತನೆ ಕಮಾನು ಎಲ್ಲಿಂದ ಬಂತು ಅಂದ್ಕೊಂಡೆ? ನಿನ್ನ ಹಂದಿಗಳು ಬಿಷಪ್ಪರ ಥರ ಒಳಗೆ ಹೋಗ್ತಾವೆ.”

“ಹಳೇದನ್ನ ಕೆದಕಿ ಏನಾಗ್ಬೇಕು? ಕ್ರಾಮ್‌ವೆಲ್ ಅಂದ್ರೆ ನೋಡೋಕೆ ಜನ ಬರ್ತಾರೆ.”

“ಅವನು ಸತ್ತು ನೂರು ವರ್ಷ ಆದ್ಮೇಲೆ ಎದ್ದು ಬಂದು ಚಾವಣಿ ಕಿತ್ತನಾ?”

ರೋಲಂಡ್ ಒಕ್ಕಣೆಯನ್ನು ಮತಕ್ಕೆ ಹಾಕಿದ. ಐದು ಕೈ ಮೇಲೆದ್ದವು. ಮಾಡ್‌ಳ ಕೈ ಟೀಪಾಟಿನ ಮೇಲೇ ಇತ್ತು. ಹೆಸ್ಟರ್ ನಡಾವಳಿ ಬರೆದು, ಪುಸ್ತಕವನ್ನು ಸಹಿಗೆ ತಿರುಗಿಸಿದಳು. ಅಧ್ಯಕ್ಷನ ಸಹಿಯಿಲ್ಲದೆ ಫಲಕದ ಆರ್ಡರು ಹೊರಡುವುದಿಲ್ಲ. ಹನ್ನೊಂದು ವರ್ಷ ಓದದೆಯೇ ಸಹಿ ಹಾಕಿದವನು ಇಂದು ತನ್ನ ಮನೆತನದ ಹೆಸರು ಕಂಡು ಓದಿದ: ‘ಬಕ್ಸ್‌ಟನ್ ಮೊದಲಾದ ಹನ್ನೊಂದು ಮಂದಿ ಚಾವಣಿಯನ್ನೂ ಗಂಟೆಯನ್ನೂ ಮಾರಿದ್ದು ತಿಳಿದೂ, ಅಪವಾದವನ್ನು ಕ್ರಾಮ್‌ವೆಲ್ ಮತ್ತು ಲಾರ್‌ವುಡ್ ಮೇಲೆ ಹೊರಿಸಲು ಕೌನ್ಸಿಲು ಐದು ಮತಗಳಿಂದ ತೀರ್ಮಾನಿಸಿತು.’

“ಇದನ್ನ ಹೊಡೆದು ಹಾಕು.”

“ನಡೆದದ್ದು ಬರೆಯೋದು ನನ್ನ ಕೆಲಸ. ಸಹಿ ಹಾಕೋದು ನಿಂದು.”

“ಬೇರೆ ಕಾರ್ಯದರ್ಶಿ ಸಿಗ್ತಾರೆ ಹೆಸ್ಟರ್.”

“ಹುಡುಕು. ಈಗ ನೀನಂದಿದ್ದನ್ನೂ ಬರೀತೀನಿ.”

ಅವಳು ಬರೆದಳು. ರೋಲಂಡ್ ಕೋಟು ತೆಗೆದುಕೊಂಡು ಎದ್ದ. ಕೈ ಎತ್ತಿದ್ದ ಉಳಿದವರು ಬಿಸ್ಕತ್ತಿನ ತಟ್ಟೆ ನೋಡುತ್ತ ಕುಳಿತರು. ಸಹಿಯ ಜಾಗದ ಪಕ್ಕದಲ್ಲಿ ಹೆಸ್ಟರ್ ದುಂಡಗಿನ ಅಕ್ಷರದಲ್ಲಿ ಸೇರಿಸಿದಳು: ‘ಅಧ್ಯಕ್ಷರು ಸಹಿ ಹಾಕದೆ ಹೊರಟರು. ಸಮಯ ಹನ್ನೊಂದೂ ಕಾಲು.’