ಖಂಡೆ ಪೂಜೆಯ ಮದ್ದು

ಸ್ವಪ್ನಾ ತನ್ನ ಪಿಸ್ತೂಲಿಗೆ ಅಂಗಡಿಯ ತೋಟಾ ಕೊಳ್ಳುತ್ತಿರಲಿಲ್ಲ. ಗುರಿ ಅಭ್ಯಾಸದ ರೇಂಜಿನಲ್ಲಿ ಹಾರಿಸಿದ ಮೇಲೆ ನೆಲಕ್ಕೆ ಬಿದ್ದ ಹಿತ್ತಾಳೆ ಕೊಳವೆಗಳನ್ನು ಆಯ್ದು ತಂದು, ಎಜುಕೇಶನ್ ಹಿಲ್‌ನ ಮನೆಯ ಗ್ಯಾರೇಜಿನಲ್ಲಿ ಅವಕ್ಕೆ ಹೊಸದಾಗಿ ಮದ್ದು ಹಾಕಿ, ಗುಂಡು ಕೂರಿಸಿ, ಪ್ರೆಸ್ಸಿನಲ್ಲಿ ಒತ್ತುತ್ತಿದ್ದಳು. ಮುಕಿಲ್ಟಿಯೊದ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಯ ಬಿರುಕು ಹುಡುಕುವ ಕೆಲಸ ಅವಳದು. ಬೇರೆಯವರು ಮಾಡಿದ್ದನ್ನು ನಂಬುವ ಅಭ್ಯಾಸ ಹೋಗಿ ಎಷ್ಟೋ ಕಾಲವಾಗಿತ್ತು.

ಈ ವರ್ಷವಿಡೀ ಅವಳಿಗೆ ಸಮಾಧಾನವಿರಲಿಲ್ಲ. ಹಗುರ ಗುಂಡು ಹಾಕಿದರೆ ಪಿಸ್ತೂಲು ಕೈಯಲ್ಲಿ ಎಗರುತ್ತಿತ್ತು. ಭಾರದ ಗುಂಡಿಗೆ ಬದಲಾಯಿಸಿದಳು, ಒದೆತ ಮೆತ್ತಗಾಯಿತು. ಆಮೇಲೆ ಮದ್ದಿನ ಪರದಾಟ. ಒಂದು ಹೊಗೆಯಾಡುತ್ತಿತ್ತು, ಇನ್ನೊಂದು ಚಳಿಗೆ ಬೇರೆ ಬಿಸಿಲಿಗೆ ಬೇರೆ ವರ್ತಿಸುತ್ತಿತ್ತು. ಕೊನೆಗೆ ಅವಲಕ್ಕಿಯ ಹಾಗೆ ಚಪ್ಪಟೆ ಚಕ್ಕೆಯ ಮದ್ದೊಂದು ಕೈಗೆ ಹತ್ತಿತು. ಒಂದು ಪಾಲಿಗೇ ಕೊಳವೆಯ ಅರ್ಧಕ್ಕಿಂತ ಹೆಚ್ಚು ತುಂಬುತ್ತಿತ್ತು. ಮೈಮರೆತು ಎರಡು ಸಲ ಸುರಿದರೆ ಹೊರಗೆ ಚೆಲ್ಲಬೇಕು. ತಪ್ಪು ಕಣ್ಣಿಗೆ ಕಾಣುವ ಮದ್ದು ಅಂತಲೇ ಅದನ್ನು ಆರಿಸಿಕೊಂಡಿದ್ದಳು. ಸಣ್ಣ ರವೆಯ ಹಾಗಿದ್ದ ಇನ್ನೊಂದು ಮದ್ದನ್ನೂ ಪರೀಕ್ಷೆಗೆಂದು ತಂದಿದ್ದಳು. ಅದು ಬಲು ತೂಕದ್ದು, ಬಲು ಬಿರುಸಿನದು.

ಶೂಟಿಂಗ್ ಕ್ಲಬ್ಬಿನ ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಆ ಭಾನುವಾರ ಕೆನ್ಮೋರ್ ಆಚೆಯ ರೇಂಜಿನಲ್ಲಿ ಅದರ ತೀರ್ಮಾನ. ಎದುರಾಳಿ ಶಶಿಕಾಂತ, ಅದೇ ಕಾರ್ಖಾನೆಯವನು, ಹಾಸನದ ಕಡೆಯವನು.

"ಏನ್ರೀ ಸ್ವಪ್ನಾ, ಅತ್ತೇನ್ನೇ ಕರ್ಕೊಂಡ್ ಬಂದಿದೀರಾ? ನಮ್ಮತ್ತೆ ಎದುರಿಗೆ ನಾನು ಪಿಸ್ತೂಲ್ ಹಿಡಿದ್ರೆ ಅವ್ರು ಪೊಲೀಸ್‌ಗೆ ಕಾಲ್ ಮಾಡ್ತಾರೆ," ಎಂದು ನಗುತ್ತ ಬಂದ.

"ನಿಮ್ಮ ಗುರಿ ನೋಡ್ಯಾರ ಕಾಣಸ್ತದ ಅವರು," ಅಂದರು ಗೌರಾದೇವಿ. ರಾಣೆಬೆನ್ನೂರಿನಿಂದ ಸಮುದ್ರ ದಾಟಿ ಮಗ ರವಿಯ ಮನೆಗೆ ಬಂದಿದ್ದ ಸ್ವಪ್ನಾಳ ಅತ್ತೆ, ಸೆರಗಿನ ಮೇಲೆಯೇ ಕಿವಿಮುಚ್ಚಳ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು. "ನಾವು ಮಹಾನವಮಿಗೆ ಖಂಡೆ ಪೂಜಿ, ಆಯುಧ ಪೂಜಿ ಮಾಡಿ ಬಂದೀವ್ರೀ. ನಮ್ಮ ಸೊಸಿ ಮಷೀನ ನಾನಽ ತಿಕ್ಕಿ ಬೆಳಗಿಟ್ಟೆ. ಮ್ಯಾಲಿನ ಡಬ್ಬಿಯೊಳಗ ಒಂದೀಟು ಮದ್ದು ಉಳಿದಿತ್ತು. ಅದನ್ನೂ ಹಾಳು ಮಾಡ್ಲಿಲ್ಲ, ಬಾಟ್ಲಿಗೆ ಸುರುವಿಟ್ಟೆ."

ತೋಟಾಗಳ ಪೆಟ್ಟಿಗೆ ತೆರೆಯುತ್ತಿದ್ದ ಸ್ವಪ್ನಾಳ ಕೈ ನಿಂತಿತು.

ಮಹಾನವಮಿಯ ಹಿಂದಿನ ದಿನ ಪ್ರೆಸ್ಸಿನ ಮೇಲಿನ ಡಬ್ಬಿಯಲ್ಲಿದ್ದದ್ದು ಆ ರವೆ ಮದ್ದು. ಪೂಜೆ ಮುಗಿದ ಮೇಲೆ ನೋಡಿದರೆ ಡಬ್ಬಿ ಖಾಲಿ, ಫಳಫಳ. ತಾನೇ ಬರಿದು ಮಾಡಿರಬೇಕು ಅಂದುಕೊಂಡು ಚಕ್ಕೆಯ ಬಾಟ್ಲಿಯಿಂದ ಮದ್ದು ತುಂಬಿ, ಈ ಸ್ಪರ್ಧೆಯ ತೋಟಾಗಳನ್ನೆಲ್ಲ ಮಾಡಿ ಮುಗಿಸಿದ್ದಳು. ಮೇಜಿನ ಮೇಲೆ ಒಂದೇ ಮದ್ದಿನ ಬಾಟ್ಲಿ ಇರಬೇಕು ಅನ್ನುವುದು ಈ ಕೆಲಸದ ಮೊದಲ ಪಾಠ. ಅವತ್ತು ಅದನ್ನು ಸಡಿಲ ಬಿಟ್ಟಿದ್ದಳು. ಎರಡೂ ಬಾಟ್ಲಿಗಳು ವಿಭೂತಿ ಬಳಿಸಿಕೊಂಡು, ಚೆಂಡುಹೂ ಏರಿಸಿಕೊಂಡು ಪ್ರೆಸ್ಸಿನ ಮುಂದೆ ಜೋಡಿಯಾಗಿ ಕೂತಿದ್ದವು.

"ಯಾವ ಬಾಟ್ಲಿಗೆ ಸುರುವಿದ್ರಿ ಅತ್ತಿ?"

"ಅದರದಽ ಬಾಟ್ಲಿಗೆ."

"ಅದರದು ಅಂದ್ರ?"

"ಸಣ್ಣ ಮದ್ದು ಸಣ್ಣ ಮದ್ದಿನ ಬಾಟ್ಲಿಗೆ. ನಲವತ್ತು ವರ್ಷ ಅಡಗಿಮನಿ ಮಾಡೇನಿ ನಾನು. ರವಾದಾಗ ಅವಲಕ್ಕಿ ಕಲಸ್ತೀನೇನು?"

ಸ್ವಪ್ನಾ ಕಾರಿಗೆ ಹೋಗಿ ಗುಂಡು ಕೀಳುವ ಪ್ಲಾಸ್ಟಿಕ್ ಸುತ್ತಿಗೆ ತಂದಳು. ತೋಟಾ ಅದರೊಳಗೆ ಸಿಕ್ಕಿಸಿ ಕಾಂಕ್ರೀಟಿಗೆ ಕುಟ್ಟಿದಳು. ಗುಂಡು ಕಳಚಿತು. ಒಳಗಿನದನ್ನು ಬಿಳಿ ಕಾಗದದ ಮೇಲೆ ಸುರಿದಳು. ಬರೀ ಚಕ್ಕೆ. ಇನ್ನೊಂದು ಒಡೆದಳು. ಚಕ್ಕೆ. ಮತ್ತೊಂದು. ಅದೂ ಚಕ್ಕೆಯೇ.

"ನೋಡಿದೇನು?" ಅಂದರು ಗೌರಾದೇವಿ.

ಸ್ವಪ್ನಾಗೆ ಸಮಾಧಾನವಾಗಲಿಲ್ಲ. ಸಣ್ಣ ಕಾಳು ಚಕ್ಕೆಗಳ ಸಂದಿಯಲ್ಲಿ ಇಳಿದು ಎಲ್ಲೋ ಒಂದು ಕಡೆ ಗುಂಪುಗೂಡುತ್ತದೆ. ಆ ಗುಂಪು ಪೂರ್ತಿ ಒಂದೇ ತೋಟಾಕ್ಕೆ ಬಿದ್ದರೆ ಅಳತೆ ಅದೇ, ತೂಕ ಬೇರೆ, ಸಿಡಿಯುವ ರಭಸ ಬೇರೆ. ಮಾಡುವಾಗ ನಡುನಡುವೆ ತಕ್ಕಡಿಗೆ ಹಾಕಿ ನೋಡಿದ್ದು ನಿಜ. ತಕ್ಕಡಿಗೆ ಹಾಕದವೇ ಹೆಚ್ಚು.

ಮೈಕಿನಲ್ಲಿ ಅವಳ ಹೆಸರು ಕೂಗಿದರು. ಶಶಿಕಾಂತನದು ಪಕ್ಕದ ಜಾಗ, ಚಾಚಿದರೆ ಕೈಗೆ ಸಿಗುವಷ್ಟು ಹತ್ತಿರ. ಅವಳು ಮ್ಯಾಗಜೀನಿಗೆ ಎರಡು ತೋಟಾ ತುಂಬಿದಳು. ತೆಗೆದಳು. ಮತ್ತೆ ತುಂಬಿದಳು.

"ಅತ್ತಿ, ಎರಡೂ ಮದ್ದು ಕೂಡಿದ್ರ ಇದು ನನ್ನ ಕೈಯಾಗ ಒಡೀತದ. ಕಣ್ಣು ಹೋಗ್ತಾವ. ಪೂಜಿ ವಿಷಯ ಅಲ್ಲ, ನಿಮ್ಮ ಅಡಗಿಮನಿ ವಿಷಯ ಅಲ್ಲ. ನೀವು ಸುರುವಿದ್ದು ಯಾವುದಕ್ಕ?"

ಗೌರಾದೇವಿ ಕಿವಿಮುಚ್ಚಳ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅದರ ಪಟ್ಟಿಯನ್ನು ಒಂದು ಸಲ ಎಳೆದು ಬಿಟ್ಟರು.

"ನೆನಪಿಲ್ಲ," ಅಂದರು. "ಖರೇನ ನೆನಪಿಲ್ಲ ಸ್ವಪ್ನಾ. ಆಗಲೇ ಹೇಳಿದ್ರ, ಮುದುಕಿಗೆ ತಲಿ ನಿಂತಿಲ್ಲ ಅಂತ ನೀ ರವಿಗೆ ಹೇಳ್ತಿದ್ದಿ."

ಹೇಳುತ್ತಿದ್ದಳು. ಹೋದ ವಾರವೂ ಹೇಳಿದ್ದಳು, ಅಡುಗೆಮನೆಯಲ್ಲಿ, ದನಿ ತಗ್ಗಿಸದೆ.

ಮ್ಯಾಗಜೀನ್ ಖಾಲಿ ಮಾಡಿ, ಪೆಟ್ಟಿಗೆಯ ಮುಚ್ಚಳ ಹಾಕಿ ಟೇಪು ಸುತ್ತಿದಳು. ಶಶಿಕಾಂತ ನೋಡುತ್ತಿದ್ದ.

"ಏನಾಯ್ತು?"

"ಮದ್ದು ಕಲಬೆರಕೆ ಆಗಿರ್ಬಹುದು. ಹಾರಿಸಲ್ಲ."

"ನನ್ ಹತ್ರ ಅಂಗಡೀದೇ ಒಂದು ಎಕ್ಸ್‌ಟ್ರಾ ಬಾಕ್ಸ್ ಇದೆ, ತಗೊಳ್ಳಿ. ಆದ್ರೆ ನಿಮ್ ಪಿಸ್ತೂಲ್ ಪೂರ್ತಿ ನಿಮ್ ತೋಟಾಗೇ ಸೆಟ್ ಆಗಿದೆ ಅಲ್ವಾ? ಹೊಡೀಬಹುದು. ಗೆಲ್ಲಕ್ಕಾಗಲ್ಲ."

"ಗೊತ್ತು. ಕೊಡಿ."

ಅವನು ಹೇಳಿದ ಹಾಗೇ ಆಯಿತು. ಅಂಗಡಿಯ ತೋಟಾ ಜಾಸ್ತಿ ಒದೆಯುತ್ತಿತ್ತು, ಪಿಸ್ತೂಲಿನ ಮೂತಿ ಮೇಲಕ್ಕೇಳುತ್ತಿತ್ತು, ತೂತುಗಳು ಕಪ್ಪು ವೃತ್ತದ ಮೇಲಂಚಿನಲ್ಲಿ ಚದುರಿಕೊಂಡವು. ಹೊಂದಿಸಿಕೊಂಡು ನಡುವಿಗೆ ಇಳಿಸುವ ಹೊತ್ತಿಗೆ ಕೊನೆಯ ಸುತ್ತು. ಜಾಗ ಶಶಿಕಾಂತನಿಗೆ ಹೋಯಿತು. ಅವನು ಬಂದು ಕೈಕುಲುಕಿ, "ನಿಮ್ ತೋಟಾ ಇದ್ದಿದ್ರೆ ನಾನು ಔಟ್," ಅಂದ. ಅದು ಸುಳ್ಳಲ್ಲ. ಅದಕ್ಕೇ ಅವಳಿಗೆ ಅದನ್ನು ಕೇಳಿಸಿಕೊಳ್ಳಲಾಗಲಿಲ್ಲ.

ಕಾರಿನ ಹತ್ತಿರ ಬಂದಾಗ ಗೌರಾದೇವಿ ಸುತ್ತಿಗೆಯನ್ನು ಎತ್ತಿ ಹಿಡಿದಿದ್ದರು.

"ಇನ್ನೊಂದು ನಾಕು ಒಡೆದು ನೋಡು. ಒಂದರೊಳಗ ಸಣ್ಣ ಮದ್ದು ಸಿಕ್ರ ಸಾಕು, ಖಾತ್ರಿ ಆಗ್ತದ."

"ಬ್ಯಾಡ್ರಿ."

"ಯಾಕ? ತಪ್ಪು ನನ್ನದು ಅಂತ ಗೊತ್ತಾಗ್ಲಿ. ನೀ ಬೈ, ನಾ ಬೈಸ್ಕೊಂತೀನಿ."

"ಎಲ್ಲಾ ಛಲೋ ಇದ್ರ? ಸುಮ್ನ ಸೋತೆ ಅಂತಾಗ್ತದ."

ಗೌರಾದೇವಿ ಎತ್ತಿದ ಕೈ ಇಳಿಸಿದರು. ಸುತ್ತಿಗೆಯನ್ನು ಡಿಕ್ಕಿಯಲ್ಲಿಟ್ಟು, ಬಂದು ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು.

ಸ್ವಪ್ನಾ ಕಾರು ತೆಗೆದಳು. ಕೆರೆಯಂಚಿನ ರಸ್ತೆಯಲ್ಲಿ ತಿರುವಿಗೊಮ್ಮೆ ಹಿಂದುಗಡೆ ಪೆಟ್ಟಿಗೆ ಆಚೀಚೆ ಜಾರುತ್ತಿತ್ತು. ಗೌರಾದೇವಿ ಎರಡು ಸಲ ಹಿಂತಿರುಗಿ ನೋಡಿದರು.

"ನಿಲ್ಲಿಸು, ಪೆಟ್ಟಿಗಿ ಸರಿಯಾಗಿ ಇಡ್ಲೇನು?"

"ಇರ್ಲಿ ಬಿಡ್ರಿ," ಅಂದಳು ಸ್ವಪ್ನಾ, ಮುಂದಿನ ತಿರುವಿಗೆ ವೇಗ ಕಡಿಮೆ ಮಾಡುತ್ತ.