ವಂದನಾರ್ಪಣೆಗೆ ಮೊದಲೇ ಜ್ವರ ಬಂದ ಊರು

ಐರ್ಲೆಂಡಿನಲ್ಲಿ ಕೊರೋನಾ ಇದ್ದಷ್ಟು ದಿನ ಅದು ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿತ್ತು. ತಮಾಷೆಯಲ್ಲ. ಡಬ್ಲಿನ್ನಿನ ಅಂಚಿನ ಸಿಟಿವೆಸ್ಟಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ನಾನು ಬರಿಮೈಯಲ್ಲಿ ವಾಕಿಂಗ್ ಹೊರಟರೆ, ವೈರಸ್ಸು ಕಸದ ಡಬ್ಬದ ಹಿಂದೆ ಅವಿತು ಕೂತು, ನಾನು ದಾಟಿ ಹೋದ ಮೇಲೆಯೇ ಕೆಮ್ಮುತ್ತಿದ್ದುದು. ಸರ್ಕಾರ ನನಗೊಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ನಾನೂ ಕೇಳಲು ಹೋಗಲಿಲ್ಲ. ಈ ಗುರುದತ್ತನ ಮನಸ್ಸು ಅಷ್ಟು ದೊಡ್ಡದು.

ಇಂಥ ನನಗೆ ಒಂದು ಬೆಳಿಗ್ಗೆ ಹೇಮಚಂದ್ರ ಫೋನ್ ಮಾಡಿದ. ಮೈಸೂರಿನ ಡಾಕ್ಟರು, ಹಳೇ ಗೆಳೆಯ. ಡಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸ. ಹೆಂಡತಿ ಶುಭಾ, ಮಗಳು ತನ್ವಿ ಇಬ್ಬರನ್ನೂ ಕಾರ್ಕ್‌ನಲ್ಲಿರುವ ನೆಂಟರ ಮನೆಗೆ ಕಳಿಸಿ, ತಾನೊಬ್ಬನೇ ಇದ್ದ. ಡ್ಯೂಟಿ ಮುಗಿಸಿ ಕಾರಿನಲ್ಲಿ ಕೂತು ಮಾತಾಡುತ್ತಿದ್ದ.

“ಲೋ ಗುರು, ಎಲ್ಲರೂ ಯಾವುದೋ ಫ್ರೆಂಚ್ ಕಾದಂಬರಿ ಓದ್ತಿದಾರಂತಲ್ಲೋ. ಊರಿಗೆ ಸಾಂಕ್ರಾಮಿಕ ಬಂದು, ಒಳಗಿದ್ದೋರು ಒಳಗೇ ಅಂತ ಬಾಗಿಲು ಹಾಕ್ಬಿಡ್ತಾರಂತೆ. ನೀನು ಓದಿದೀಯಾ?”

“ಓದಿದೀಯಾ ಅಂತ ನನ್ನ ಕೇಳ್ತೀಯಲ್ಲೋ! ಮೂಲ ಫ್ರೆಂಚಿನಲ್ಲಿ ಓದಿದೀನಿ. ಕಾಫಿ ಆರೋದ್ರೊಳಗೆ ಮುಗಿಸ್ದೆ.”

“ಹಾಗಾದ್ರೆ ದಿನಾ ಒಂಚೂರು ಹೇಳು ಮಾರಾಯ. ವಾರ್ಡಲ್ಲಿ ಫಿಂಟನ್ ಅಂತ ಒಬ್ಬರು ರಿಟೈರ್ಡ್ ಮೇಷ್ಟ್ರಿದಾರೆ. ಮನೆಯವರನ್ನ ಒಳಗೆ ಬಿಡೋ ಹಾಗಿಲ್ಲ, ಕನ್ನಡಕ ಮನೇಲೇ ಉಳಿದಿದೆ. ಏನಾದ್ರೂ ಕಥೆ ಹೇಳಿ ಡಾಕ್ಟ್ರೇ ಅಂತಾರೆ. ನನಗೆ ಬರೋದು ಬ್ಲಡ್ ರಿಪೋರ್ಟ್ ಒಂದೇ.”

ಶುರು ಹಚ್ಚಿಕೊಂಡೆ. ರೋಗ ಬಂದಿದೆ ಎಂದು ಘೋಷಿಸಲು ಆ ಫ್ರೆಂಚ್ ಊರಿನ ಮೇಯರು ಸಭೆ ಕರೆದ. ಮೊದಲು ಪ್ರಾರ್ಥನೆ, ಆಮೇಲೆ ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ. ಘೋಷಣೆ ಏನಿದ್ದರೂ ಅಧ್ಯಕ್ಷೀಯ ಭಾಷಣದಲ್ಲೇ ಆಗಬೇಕು, ಮಧ್ಯೆ ಬಾಯಿ ಬಿಟ್ಟರೆ ಅಧ್ಯಕ್ಷರಿಗೆ ಅವಮಾನ. ಅವರ ಸರದಿ ಬರುವಷ್ಟರಲ್ಲಿ ಪ್ರಾರ್ಥನೆ ಹಾಡಿದವಳಿಗೆ ಕೆಮ್ಮು, ಸ್ವಾಗತ ಕೋರಿದವನಿಗೆ ಜ್ವರ. ಒಂದೇ ಮೇಣದಬತ್ತಿಯನ್ನು ಕೈಯಿಂದ ಕೈಗೆ ದಾಟಿಸಿದ ಗಣ್ಯರೆಲ್ಲ ವೇದಿಕೆಯಲ್ಲೇ ಅಡ್ಡ. ವಂದನಾರ್ಪಣೆ ಮಾಡಬೇಕಾದವನೂ ಹಾಸಿಗೆ ಹಿಡಿದ. ವಂದನಾರ್ಪಣೆಯಿಲ್ಲದೆ ಏಳುವುದು ಹೇಗೆ? ಜನ ಕೂತೇ ಇದ್ದರು.

“ಫ್ರಾನ್ಸಲ್ಲೂ ವಂದನಾರ್ಪಣೆ ಇದೆಯೇನೋ?”

“ಅವರಿಂದಲೇ ಕಣೋ ನಾವು ಕಲಿತಿದ್ದು!”

ಮರುದಿನದ ಕಂತಿನಲ್ಲಿ ಆ ಊರಲ್ಲಿ ಉದ್ದಿನಬೇಳೆಗೆ ದಂಗೆಯಾಯಿತು. ಮದಾಮ್ ನಾಗಮಣಿ ಎಂಬ ಮುದುಕಿಯ ಮಂಚದ ಕೆಳಗೆ ಮೂಟೆಗಟ್ಟಲೆ ಸಿಕ್ಕಿತು. ಎಲ್ಲರೂ ದೂರ ದೂರ ನಿಲ್ಲಿ ಎಂದು ಮೇಯರು ಕೂಗಿದಾಗ ಆಕೆ, “ಮದುವೆಯಾಗಿ ಬಂದಾಗಿನಿಂದ ನಾನು ಬಡ್ಕೊಳ್ತಿರೋದು ಇದನ್ನೇ. ಮುಟ್ಬೇಡ್ರೋ ಅಂದ್ರೆ ಮಡಿಹೆಂಗಸು ಅಂತ ನಗಾಡಿದ್ರಿ. ಈಗ ಸರ್ಕಾರ ಹೇಳಿದ್ರೆ ಸೈನ್ಸು!” ಎಂದಳು.

“ಮೇಷ್ಟ್ರು ಎಷ್ಟು ನಕ್ಕರು ಅಂದ್ರೆ ಆಕ್ಸಿಜನ್ ಮಾನಿಟರು ಬಡ್ಕೊಂಡ್ತು,” ಅಂದ ಹೇಮಚಂದ್ರ. “ನರ್ಸ್ ಕೈಲಿ ಬೈಸ್ಕೊಂಡೆ. ಅಕ್ಕಪಕ್ಕದ ಬೆಡ್ಡಿನವರೂ ಕೇಳ್ತಿದಾರೆ. ನಾಳೇದು ಹೇಳು.”

ಹೀಗೆ ನಾನು ಸಿಟಿವೆಸ್ಟಿನ ಸೋಫಾದಲ್ಲಿ ಕೂತೇ ಇಡೀ ಒಂದು ವಾರ್ಡನ್ನು ಬದುಕಿಸುತ್ತಿದ್ದೆ.

ಆಮೇಲೊಂದು ಬೆಳಿಗ್ಗೆ ಅವನ ದನಿಯೇ ಬೇರೆಯಾಗಿತ್ತು.

“ಮೇಷ್ಟ್ರಿಗೆ ಉಸಿರು ಸಾಲ್ತಿಲ್ಲ ಗುರು. ಇನ್ನು ಸ್ವಲ್ಪ ಹೊತ್ತಿಗೆ ನಿದ್ದೆಗೆ ಔಷಧಿ ಕೊಟ್ಟು ಟ್ಯೂಬ್ ಹಾಕ್ತೀವಿ. ಆಮೇಲೆ ಎದ್ದೇಳ್ತಾರೋ ಇಲ್ವೋ ನನಗೂ ಗೊತ್ತಿಲ್ಲ. ಅದಕ್ಕೆ ಮುಂಚೆ ಕಥೆಯ ಕೊನೆ ಕೇಳ್ಬೇಕಂತೆ, ನಿನ್ನ ಬಾಯಿಂದಲೇ. ಸ್ಪೀಕರ್ ಹಾಕ್ತೀನಿ, ಇಂಗ್ಲಿಷಲ್ಲಿ ಹೇಳು.”

ಗಂಟಲು ಸರಿಮಾಡಿಕೊಂಡೆ. ರೋಗ ತೊಲಗಿದ ಊರಿನ ಮೆರವಣಿಗೆ, ತೆರೆದ ಜೀಪು, ಮೈಸೂರು ಪೇಟ, ಡಾಕ್ಟರಿಗೆ ಹಾರ, ರಸ್ತೆಯುದ್ದಕ್ಕೂ ಬ್ಯಾಂಡು, ಎಲ್ಲವೂ ನಾಲಿಗೆಯ ಮೇಲೆ ಸಿದ್ಧವಾಗಿತ್ತು.

“ಗುರುದತ್,” ಅಂದರು ಮೇಷ್ಟ್ರು. ಎರಡು ಮಾತಿಗೊಮ್ಮೆ ಉಸಿರು ಹುಡುಕುತ್ತಿದ್ದರು. “ರಿಟೈರ್ ಆಗೋವರೆಗೂ ನಾನು ಆ ಪುಸ್ತಕ ಪಾಠ ಮಾಡಿದೀನಿ.”

ನಮ್ಮ ಫ್ರಿಜ್ಜು ಅಷ್ಟು ಜೋರಾಗಿ ಗುಂಯ್‌ಗುಡುತ್ತದೆಂದು ನನಗೆ ಅಂದೇ ಗೊತ್ತಾಗಿದ್ದು.

“ಅದರಲ್ಲಿ ನಾಗಮಣಿ ಅನ್ನೋರು ಯಾರೂ ಇಲ್ಲ.”

“ಸಾರ್, ಅದು ಬೇರೆ ಆವೃತ್ತಿ...”

“ಸಾಕಪ್ಪ. ಆ ಪುಸ್ತಕದ ಕೊನೆ ನನಗೆ ಬಾಯಿಪಾಠ. ಬಾಗಿಲು ಹಾಕಿರೋ ಈ ಊರಲ್ಲಿ ನೀನು ಏನು ಮಾಡ್ತಿದೀಯ, ಅದನ್ನ ಹೇಳು. ನಿಜ ಹೇಳು. ನನಗೆ ಹೆದರಿಕೆ ಆಗ್ತಿದೆ.”

ಸುಳ್ಳಿಗೆ ಬಾಯಿ ತೆರೆದೆ. ಜೀವಮಾನದಲ್ಲಿ ಮೊದಲ ಸಲ ಅದು ಬರಲಿಲ್ಲ.

“ಪುಸ್ತಕ ಮುಟ್ಟೇ ಇಲ್ಲ ಸಾರ್. ಫ್ರೆಂಚೂ ಬರಲ್ಲ. ಲಾಕ್‌ಡೌನ್ ಶುರುವಾದಾಗಿಂದ ಹೊಸ್ತಿಲು ದಾಟಿಲ್ಲ. ಕಸದ ಚೀಲ ಎಲ್ಲಾ ಬಾಲ್ಕನಿಯಲ್ಲಿ ಪೇರಿಸಿದೀನಿ. ಪಕ್ಕದ ಮನೆ ನಿಖಿತಾ ಬಾಗಿಲಲ್ಲಿ ಹಾಲು ಇಟ್ಟು ಹೋದ್ರೆ, ಅವಳು ಮರೆಯಾದ ಮೇಲೆ ಮಾಪ್ ಕೋಲಿನಿಂದ ಒಳಗೆ ಎಳ್ಕೊಂಡು ಡಬ್ಬಕ್ಕೆ ಸೋಪು ಹಚ್ಚಿ ತೊಳೀತೀನಿ. ಹೋದ ಭಾನುವಾರ ಈ ಹೇಮಚಂದ್ರ ಇಲ್ಲೀವರೆಗೂ ಕಾರು ಓಡಿಸ್ಕೊಂಡು ಬಂದಿದ್ದ. ಒಂದು ಮುಖ ನೋಡೋಣ ಅಂತ. ಕೆಳಗೆ ನಿಂತು ಕೈ ಬೀಸ್ತಿದ್ದ. ನಾನು ಪರದೆ ಹಿಂದೆ ಬಗ್ಗಿ ಕೂತೆ. ಮನೇಲಿಲ್ಲ ಅಂದ್ಕೊಂಡು ಹೋಗ್ಲಿ ಅಂತ. ಹೆದರಿಕೆ ಸಾರ್. ನಿಮಗಿಂತ ಜಾಸ್ತಿ.”

ಆ ಕಡೆ ಹೇಮಚಂದ್ರನೂ ಕೇಳುತ್ತಿದ್ದ.

“ಗ್ರ್ಯಾಂಡ್,” ಅಂದರು ಮೇಷ್ಟ್ರು. ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. “ಇದು ಪಾಠದಲ್ಲಿ ಇರ್ಲಿಲ್ಲ. ನಿಲ್ಲಿಸ್ಬೇಡ, ಮುಂದಕ್ಕೆ ಹೇಳು.”

ಹೇಳಿದೆ. ಟ್ಯೂಬ್ ಹಾಕಲು ಹೇಮಚಂದ್ರ ಫೋನನ್ನು ಪಕ್ಕಕ್ಕೆ ತೆಗೆಯುವವರೆಗೂ ಹೇಳುತ್ತಲೇ ಇದ್ದೆ.

ಆ ಮೇಷ್ಟ್ರು ಗುಣವಾಗಿ, ನಮ್ಮ ಮನೆಗೇ ಬಂದು, ಹನ್ನೆರಡು ಇಡ್ಲಿ ತಿಂದು ಹೋದರು ಅಂತ ಕನ್ನಡ ಸಂಘದಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಯುಗಾದಿ ಊಟದಲ್ಲೂ ಹೇಳಿದೆ. ಎದುರು ಹೇಮಚಂದ್ರ ಕೂತಿರುವುದು ಆಮೇಲೆ ಕಾಣಿಸಿತು. ಅನ್ನ ಕಲಸುತ್ತಿದ್ದವನು ಕೈ ನಿಲ್ಲಿಸಿ ನನ್ನನ್ನೇ ನೋಡಿದ.

ಆದ್ದರಿಂದ ಇಲ್ಲಿ ಬರೆದುಬಿಡುತ್ತೇನೆ. ಮೇಷ್ಟ್ರು ಕಣ್ಣು ತೆರೆಯಲಿಲ್ಲ. ಆ ಸುದ್ದಿ ಕೇಳಿದ ಮೇಲಾದರೂ ನನಗೆ ಧೈರ್ಯ ಬಂದು ಬಾಗಿಲು ತೆರೆದೆ ಅಂತ ಬರೆದರೆ ಚೆನ್ನಾಗಿರುತ್ತದೆ. ತೆರೆಯಲಿಲ್ಲ.