ತಿಳಿಸಲು ವಿಷಾದಿಸುತ್ತೇವೆ

ನಮ್ಮೂರು ಅಜ್ಜಂಪುರದಲ್ಲಿ ಯಾರಾದರೂ ಸತ್ತರೆ ಆ ಸುದ್ದಿ ಊರಿಗೆ ಮುಟ್ಟುವುದು ನನ್ನ ಬಾಯಿಂದ. ಶಶಿಧರ ಮಾವನ ಆಟೋ, ಆಟೋದ ತಲೆಯ ಮೇಲೆ ಎರಡು ಮೈಕ್ ಹಾರ್ನ್, ಒಳಗೆ ಆಂಪ್ಲಿಫೈಯರ್, ಅದಕ್ಕೆ ಸಿಕ್ಕಿಸಿದ ಪೆನ್‌ಡ್ರೈವ್, ಪೆನ್‌ಡ್ರೈವಿನೊಳಗೆ ನಾನು. ತರೀಕೆರೆ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಪ್ರಿನ್ಸಿಪಾಲರಿಂದ ಹಿಡಿದು ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಹೆಂಗಸಿನವರೆಗೆ ಎಲ್ಲರ ದನಿಯನ್ನೂ ತೆಗೆಯುತ್ತಿದ್ದೆ. ಅದನ್ನು ಕೇಳಿಯೇ ಅಮ್ಮನ ತಮ್ಮನಾದ ಈ ಮಾವ ನನ್ನನ್ನು ಕೆಲಸಕ್ಕೆ ಎಳೆದುಕೊಂಡಿದ್ದ. ಕಳೆದುಹೋದ ಎಮ್ಮೆ, ಬಟ್ಟೆ ಅಂಗಡಿಯ ರಿಯಾಯಿತಿ, ಅಂತರಘಟ್ಟೆಯಲ್ಲಿ ಕಣ್ಣಿನ ಉಚಿತ ತಪಾಸಣೆ, ಹೀಗೆ ಒಂದೊಂದಕ್ಕೂ ಒಂದೊಂದು ದನಿ ಇಟ್ಟುಕೊಂಡಿದ್ದೆ. ಸಾವಿನದ್ದು ಬೇರೆ. ಸ್ವಲ್ಪ ಮೂಗಿನಿಂದ, ಸ್ವಲ್ಪ ಹೊಟ್ಟೆಯಿಂದ. 'ವಿಷಾದಿಸುತ್ತೇವೆ' ಎನ್ನುವಾಗ ನಡುವಿನ 'ಷಾ'ವನ್ನು ಎಳೆದು, ಆಮೇಲೆ ಮೆಲ್ಲಗೆ ಇಳಿಸಬೇಕು.

"ಲೇ, ನೀನ್ ಕೂಗಿದ್ರೆ ಸತ್ತೋರ್ಗೂ ಒಂದ್ ಮರ್ಯಾದೆ ಕಣೋ" ಎನ್ನುತ್ತಿದ್ದ ಮಾವ.

ನನ್ನ ಹೆಸರು ಓಂಕಾರೇಶ್. ಸ್ಕೂಲಿನಲ್ಲಿ ಹುಡುಗರು ಅದನ್ನು ಓಕರಿಕೆ ಮಾಡಿಕೊಂಡಿದ್ದರು. ವಿಮಾನ ಹಾರಿಸಲು ಹೊರಟವನಿಗೆ ಇದಕ್ಕಿಂತ ಒಪ್ಪುವ ಅಡ್ಡಹೆಸರು ಸಿಗುವುದು ಕಷ್ಟ.

ಹೊರಟದ್ದು ನಿಜ. ವಿಮಾನ ಕಂಪನಿಯೊಂದು ತಾನೇ ಆರಿಸಿ, ತನ್ನ ಖರ್ಚಿನಲ್ಲೇ ಪೈಲಟ್ ತರಬೇತಿ ಕೊಟ್ಟು, ಕೆಲಸಕ್ಕೂ ಇಟ್ಟುಕೊಳ್ಳುತ್ತದೆ ಎಂಬ ಸುದ್ದಿ ಫೋನಿಗೆ ಬಂದಿತ್ತು. ಚಿಕ್ಕವನಿದ್ದಾಗ ಅಮೃತ್ ಮಹಲ್ ಕಾವಲಿನ ಹುಲ್ಲಿನಲ್ಲಿ ಅಂಗಾತ ಬಿದ್ದುಕೊಂಡು ಆಕಾಶದಲ್ಲಿ ಬಿಳಿ ಗೆರೆ ಎಳೆಯುತ್ತಾ ಹೋಗುವ ವಿಮಾನಗಳಿಗೆ ಬಾಯಿಂದ ಸದ್ದು ಕೊಡುತ್ತಿದ್ದವನು ನಾನು. ಅಷ್ಟು ಎತ್ತರದ್ದು ನಮಗೆ ಕೇಳಿಸದು, ಅದಕ್ಕೇ ನಾನು ಕೊಡುತ್ತಿದ್ದೆ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇತ್ತು. ಅರ್ಜಿ ಹಾಕಿದೆ.

"ಏನೋ ಅದು, ಕೆಡೆಟ್ಟು?" ಎಂದಳು ಅಮ್ಮ.

"ಕೆಡೆಟ್ ಪೈಲಟ್ ಕಣಮ್ಮ."

"ಕೆಡೋಕೂ ಅರ್ಜಿ ಹಾಕ್ಬೇಕಾ ಈಗ? ನಮ್ ಕಾಲ್ದಲ್ಲಿ ಸುಮ್ನೆ ಹಂಗೇ ಕೆಡ್ತಿದ್ರಪ್ಪ."

ಮಾತಿನ ಚೇಷ್ಟೆ ನನಗೆ ಯಾವ ಕಡೆಯಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ. ಅಪ್ಪನದು ಗೊಬ್ಬರದಂಗಡಿ. ಮಾತು ಕಡಿಮೆ. ಆವತ್ತು ಅವನೂ ಬಿಡಲಿಲ್ಲ. "ಇಷ್ಟು ದಿನ ರೈಲು ಬಿಡ್ತಿದ್ದ, ಇನ್ಮೇಲೆ ವಿಮಾನ ಬಿಡ್ತಾನಂತೆ."

"ಕಲ್ತ್ಮೇಲೆ ನಿಮ್ಮಿಬ್ಬರನ್ನೂ ಹತ್ತಿಸ್ತೀನಿ" ಎಂದೆ.

"ಬೇಗ ಕಲ್ತ್ಕೊ ಮತ್ತೆ" ಎಂದಳು ಅಮ್ಮ. "ನೀನು ಹತ್ಸೋದು ತಡ ಆದ್ರೆ ಊರೋರೇ ಒಂದು ಕಟ್ಟಿ ಹತ್ತಿಸ್ಬಿಡ್ತಾರೆ."

ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನಲ್ಲಿ ಗೋಪುರದಂಥ ಪೀಠ ಕಟ್ಟಿ, ಬಾಳೆಕಂದು, ಹೂವು, ಬಣ್ಣದ ಕಾಗದ ಸುತ್ತಿ, ಅದರಲ್ಲಿ ಕೂರಿಸಿಕೊಂಡು ಹೊರುತ್ತೇವೆ. ಅದಕ್ಕೂ ವಿಮಾನವೆಂದೇ ಹೆಸರು. ಅಮ್ಮ ಹೇಳಿದ್ದು ಅದನ್ನು. ಮೂವರೂ ನಕ್ಕೆವು.

ಮೊದಲ ಪರೀಕ್ಷೆ ಕಂಪ್ಯೂಟರಿನಲ್ಲಿ, ಕೂತಲ್ಲಿಂದಲೇ ಬರೆಯಬಹುದು. ಆದರೆ ಆವತ್ತು ಅಜ್ಜಂಪುರದಲ್ಲಿ ಕರೆಂಟ್ ಇರುವುದಿಲ್ಲ ಎಂದು ಊರಿಗೆಲ್ಲ ಕೂಗಿ ಬಂದಿದ್ದವನು ನಾನೇ. ಹಾಗಾಗಿ ಕಡೂರಿಗೆ ಹೋಗಿ ಸೈಬರ್ ಸೆಂಟರಿನಲ್ಲಿ ಬರೆದೆ. ಪಾಸಾಯಿತು. ಮೆಡಿಕಲ್ ಆಯಿತು. ಕಣ್ಣು, ಕಿವಿ, ಎದೆ ಎಲ್ಲ ಸರಿ ಇದೆ ಎಂದು ಡಾಕ್ಟರು ಸಹಿ ಹಾಕಿದರು. ಉಳಿದಿದ್ದು ಬೆಂಗಳೂರಿನಲ್ಲಿ ಒಂದು ದಿನದ ಆಯ್ಕೆ, ಅಷ್ಟೇ.

ಆ ನಡುವೆ ಒಂದು ಬೆಳಿಗ್ಗೆ ಅಮ್ಮ ಸೊಪ್ಪು ಬಿಡಿಸುತ್ತಾ ಕೂತವಳು ಹಾಗೇ ಗೋಡೆಗೆ ಒರಗಿದಳು. ಕೈಯಲ್ಲಿ ದಂಟು ಇತ್ತು. ಡಾಕ್ಟರು ಬಂದು, ಎದೆ ನಿಂತಿದೆ ಎಂದರು.

ಮಾವ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿದ. "ಕಡೂರಿಂದ ಬೇರೆ ಯಾರ್ನಾದ್ರೂ ಕರೆಸಣ ಕಣೋ. ನೀನ್ ಬೇಡ" ಎಂದ.

"ಪರವಾಗಿಲ್ಲ ಮಾವ" ಎಂದೆ. ಮೈಕ್ ತೆಗೆದುಕೊಂಡೆ.

'ಸಾರ್ವಜನಿಕರಲ್ಲಿ ವಿನಂತಿ. ಅಜ್ಜಂಪುರದ ನಿವಾಸಿ ಶ್ರೀಮತಿ ಮಲ್ಲಿಕಾಂಬ ಇವರು ಇಂದು ಬೆಳಿಗ್ಗೆ ಲಿಂಗೈಕ್ಯರಾಗಿರುತ್ತಾರೆ ಎಂದು ತಿಳಿಸಲು ವಿಷಾದಿಸುತ್ತೇವೆ. ಮೃತರ ಅಂತಿಮ ಯಾತ್ರೆಯು ಸ್ವಗೃಹದಿಂದ ಹೊರಟು, ಮುಖ್ಯ ಬೀದಿಗಳಲ್ಲಿ ಸಾಗಿ, ಮಧ್ಯಾಹ್ನ ಅವರ ತೋಟದಲ್ಲಿ ಅಂತ್ಯಕ್ರಿಯೆ ನೆರವೇರಲಿದೆ.'

ಎಲ್ಲಿಯೂ ತಡವರಿಸಲಿಲ್ಲ. 'ಷಾ' ಎಷ್ಟು ಎಳೆಯಬೇಕೋ ಅಷ್ಟೇ ಎಳೆಯಿತು. ಮಾವ ಪೆನ್‌ಡ್ರೈವ್ ಸಿಕ್ಕಿಸಲಾಗದೆ ಅಳುತ್ತಿದ್ದ, ಅದನ್ನೂ ನಾನೇ ಸಿಕ್ಕಿಸಿದೆ. ಆಟೋ ಅಮ್ಮನ ತವರು ಹಿರೇನಲ್ಲೂರಿನವರೆಗೂ ಹೋಗಿಬಂತು. ನಾನು ಅಮ್ಮನ ಪಕ್ಕ ಕೂತಿದ್ದೆ. ನನ್ನ ದನಿ ದೂರದ ಬೀದಿಯಿಂದ ಹತ್ತಿರ ಬಂದು, ಮನೆ ದಾಟಿ, ಮತ್ತೆ ದೂರವಾಯಿತು. ಯಾರೋ ಸತ್ತಿದ್ದಾರೆ ಎಂದುಕೊಂಡೆ.

ವಿಮಾನಕ್ಕೆ ನಾನು ಹೆಗಲು ಕೊಟ್ಟದ್ದು ಮುಂದೆ, ಎಡಗಡೆ. ಪೈಲಟ್ ಕೂರುವುದೂ ಮುಂದೆ ಎಡಗಡೆಯೇ ಎಂಬುದು ಹೊಳೆಯಿತು. ಹೇಳಿದ್ದರೆ ಅಮ್ಮ ಒಬ್ಬಳೇ ನಗುತ್ತಿದ್ದಳು.

ಎದುರು ಮನೆಯ ಹುಲಿಯಮ್ಮ ಪಕ್ಕದವಳಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು. "ಹೆತ್ತೋಳು ಹೋದ್ರೂ ಕಣ್ಣಲ್ಲಿ ಒಂದ್ ತೊಟ್ಟು ನೀರ್ ಬರ್ಲಿಲ್ಲ ನೋಡೇ."

ನಿಜವೇ. ತುಂಬ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲೋ ಹಿಡಿದಿತ್ತು. ಕಾಲಾದರೆ ಕೊಡವಬಹುದು. ಪೈಲಟ್ ಆಗಬೇಕು ಅನ್ನುವುದೊಂದು ಮಾತ್ರ, ಮನೆಯವರು ಊರಿಗೆ ಹೋದರೂ ಕೀಲಿ ಕೊಟ್ಟ ಗಡಿಯಾರ ಓಡುವ ಹಾಗೆ, ತನ್ನಷ್ಟಕ್ಕೆ ಓಡುತ್ತಿತ್ತು. ಅದೂ ನಿಂತರೆ ನನ್ನೊಳಗೆ ಇನ್ನೇನು ಓಡುತ್ತದೆ ಎಂದು ಗೊತ್ತಿರಲಿಲ್ಲ. ಆದ್ದರಿಂದ ಕರೆದ ದಿನ ಕಡೂರಿನಿಂದ ರೈಲು ಹತ್ತಿದೆ.

ಬೆಂಗಳೂರಿನಲ್ಲಿ ಮೊದಲು ಒಂದು ಕಡ್ಡಿ ಕೊಟ್ಟರು, ಕಂಪ್ಯೂಟರ್ ಆಟದ ಜಾಯ್‌ಸ್ಟಿಕ್ಕಿನಂಥದು. ಪರದೆಯ ಮೇಲೆ ಓಡಾಡುವ ಚುಕ್ಕಿಯನ್ನು ಅದರಿಂದ ನಡುವಿನಲ್ಲೇ ಹಿಡಿದಿಡಬೇಕು. ಹಿಡಿದುಕೊಂಡೇ ಕಿವಿಗೆ ಬೀಳುವ ಲೆಕ್ಕ ಮಾಡಬೇಕು. ಅಕ್ಕಪಕ್ಕದ ಹುಡುಗರು ಬೆವರುತ್ತಿದ್ದರು. ನನ್ನ ಕೈ ಮೇಜಿಗೆ ಮೊಳೆ ಹೊಡೆದ ಹಾಗಿತ್ತು. ಆಮೇಲೆ ಹೆಡ್‌ಫೋನಿನಲ್ಲಿ ಒಬ್ಬ ಸೂಚನೆ ಕೊಡುತ್ತಾನೆ, ಅದನ್ನು ಹಾಗೇ ತಿರುಗಿ ಹೇಳಬೇಕು. ನಾನು ಹಾಗೇ ಹೇಳಿದೆ. ಅವನ ದೆಹಲಿ ಇಂಗ್ಲಿಷು, ಅವನ ನೆಗಡಿ, ನಡುವೆ ಅವನು ಕೆಮ್ಮಿದ್ದು, ಎಲ್ಲ ಹಾಗೇ. ಪಕ್ಕದ ಹುಡುಗಿ ಕಿಸಕ್ಕೆಂದಳು. ಮೇಲ್ವಿಚಾರಕರು ಬಂದು, ಮಾತು ಸಾಕು, ಕೆಮ್ಮು ಬೇಡ ಎಂದರು.

ಮಧ್ಯಾಹ್ನ ಸಂದರ್ಶನ. ಮೂವರಿದ್ದರು. ಕಂಪನಿಯ ಅಧಿಕಾರಿಯೊಬ್ಬರು, ಒಬ್ಬರು ಮನಶ್ಶಾಸ್ತ್ರಜ್ಞರು, ನಡುವೆ ವಿಮಾನ ಹಾರಿಸುವ ಕ್ಯಾಪ್ಟನ್ ಅನುಪಮಾ. ಇಂಗ್ಲಿಷಿನಲ್ಲಿ ಎಲ್ಲ ಸಲೀಸಾಗಿ ಹೋಯಿತು. ಕೊನೆಗೆ ಅಧಿಕಾರಿ ಒಂದು ಸನ್ನಿವೇಶ ಕೊಟ್ಟರು. ನೀನು ಪೈಲಟ್, ಮಂಜು ಕವಿದು ಇಳಿಯಲಾಗದೆ ವಾಪಸ್ ಬರುತ್ತಿದ್ದೀಯ, ಪ್ರಯಾಣಿಕರಿಗೆ ತಿಳಿಸು. ಯೂಟ್ಯೂಬಿನಲ್ಲಿ ಕಲಿತ ಬೆಣ್ಣೆಯಂಥ ದನಿಯಲ್ಲಿ ತಿಳಿಸಿದೆ. ಅವರಿಗೆ ಖುಷಿಯಾಯಿತು.

"ಈಗ ಅದನ್ನೇ ಕನ್ನಡದಲ್ಲಿ ಹೇಳಿ" ಎಂದರು ಕ್ಯಾಪ್ಟನ್. "ಹುಬ್ಬಳ್ಳಿ ಫ್ಲೈಟು, ಅರ್ಧ ಜನಕ್ಕೆ ಇಂಗ್ಲಿಷ್ ಬರಲ್ಲ ಅಂದ್ಕೊಳ್ಳಿ."

ಕೆಟ್ಟ ಸುದ್ದಿಗೆ ಕನ್ನಡದಲ್ಲಿ ನನ್ನ ಹತ್ತಿರ ಇದ್ದದ್ದು ಒಂದೇ ದನಿ.

"ಸಾರ್ವಜನಿಕರಲ್ಲಿ ವಿನಂತಿ. ಹುಬ್ಬಳ್ಳಿಗೆ ಹೊರಟಿದ್ದ ನಮ್ಮ ವಿಮಾನವು ದಟ್ಟ ಮಂಜಿನ ಕಾರಣ ಬೆಂಗಳೂರಿಗೆ ಹಿಂದಿರುಗುತ್ತಿದೆ ಎಂದು ತಿಳಿಸಲು ವಿಷಾ...ದಿಸುತ್ತೇವೆ. ವಿಮಾನವು ಮಧ್ಯಾಹ್ನ ಸ್ವಗೃಹದಿಂದ ಹೊರಟು, ಮುಖ್ಯ ಬೀದಿಗಳಲ್ಲಿ ಸಾಗಿ..."

ಅಲ್ಲಿ ನಿಂತಿತು. ನಾನು ನಿಲ್ಲಿಸಲಿಲ್ಲ. ವಾಕ್ಯವೇ ಎಲ್ಲಿಗೆ ಬಂದಿದ್ದೇನೆ ಎಂದು ಅತ್ತಿತ್ತ ನೋಡಿ ನಿಂತುಕೊಂಡಿತು.

ಕ್ಯಾಪ್ಟನ್ ಪೆನ್ನು ಕೆಳಗಿಟ್ಟರು. ಬಹುವಚನವೂ ಅದರ ಜೊತೆಗೇ ಕೆಳಗಿಳಿಯಿತು. "ಯಾವೂರಪ್ಪಾ ನಿಂದು?"

"ಅಜ್ಜಂಪುರ ಮೇಡಂ."

"ಅಂದ್ಕೊಂಡೆ. ನಂದು ಲಿಂಗದಹಳ್ಳಿ. ಅಲ್ಲ ಕಣೋ, ಫ್ಲೈಟ್ ವಾಪಸ್ ತಿರುಗ್ಸು ಅಂದ್ರೆ ಪ್ಯಾಸೆಂಜರ್ ಸಮೇತ ಮಣ್ಣಿಗೆ ಹೊತ್ಕೊಂಡು ಹೊರಟ್ಬಿಟ್ಯಲ್ಲೋ!" ಅವರು ಜೋರಾಗಿ ನಕ್ಕರು. "ಆಟೋದಲ್ಲಿ ಕೂಗ್ತೀಯಾ?"

"ಹೂಂ ಮೇಡಂ. ನಮ್ಮ ಮಾವನ ಆಟೋ."

"ಅದಕ್ಕೇ ಇಷ್ಟು ಪಕ್ಕಾ ಇದೆ. ಕೊನೇ ಸಲ ಯಾರ್ದು ಕೂಗಿದ್ದು?"

"ನಮ್ಮಮ್ಮಂದು."

ನಗು ಅವರ ಮುಖದ ಮೇಲೆ ಉಳಿದಿತ್ತು, ಎಲ್ಲಿಡುವುದು ಎಂದು ಗೊತ್ತಾಗದ ಹಾಗೆ. "ನೀನೇ ಕೂಗ್ದ್ಯಾ? ಹೆಂಗೆ?"

"ಚೆನ್ನಾಗಿ ಬಂತು ಮೇಡಂ. ಒಂದೇ ಟೇಕು."

ಮನಶ್ಶಾಸ್ತ್ರಜ್ಞರು ಏನೆಂದು ಕೇಳಿದರು. ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಹೇಳಿದರು. ಆಗ ನಿನಗೆ ಏನನ್ನಿಸಿತು ಎಂದು ಅವರು ನನ್ನನ್ನು ಕೇಳಿದರು. ನಾನು ಪ್ರಾಮಾಣಿಕವಾಗಿ ಹುಡುಕಿ ನೋಡಿದೆ. ಏನೂ ಇಲ್ಲ ಸರ್ ಎಂದೆ. ಈಗ? ಈಗಲೂ ಇಲ್ಲ. ಆಕಾಶದಲ್ಲಿ ಎಂಜಿನ್ ನಿಂತರೆ? ಮಾಡಬೇಕಾದ್ದನ್ನು ಸಾಲಾಗಿ ಮಾಡುತ್ತೇನೆ ಎಂದೆ. ಹೆದರಿಕೆ? ಬರಲಾರದು ಎಂದೆ. ಅಧಿಕಾರಿ ತಲೆದೂಗಿದರು. ಕ್ಯಾಪ್ಟನ್ ದೂಗಲಿಲ್ಲ.

"ಬತ್ತೀನಿ ಮೇಡಂ" ಎಂದು ಎದ್ದೆ. ಅವರು ಬಾಗಿಲವರೆಗೆ ಬಂದರು.

"ನೀನು ಹೆದ್ರಲ್ಲ ಅನ್ನೋದು ನೋಡಿದ್ವಿ ಕಣಪ್ಪಾ. ನಿಂಗೆ ಹೆದ್ರೋಕೆ ಬರುತ್ತಾ ಅಂತ ಗೊತ್ತಾಗ್ಲಿಲ್ಲ. ಕಾಕ್‌ಪಿಟ್‌ನಲ್ಲಿ ಅದೂ ಒಂದು ಮೀಟ್ರು. ಮುಳ್ಳು ಅಲ್ಲಾಡ್ಲಿಲ್ಲ ಅಂದ್ರೆ ಎಲ್ಲ ಸರಿ ಐತೋ, ಮೀಟ್ರೇ ಕೆಟ್ಟೈತೋ ಹೇಳಕ್ಕಾಗಲ್ಲ." ಬಾಗಿಲು ತೆಗೆದು, "ಊಟ ಮಾಡ್ಕೊಂಡ್ ಹೋಗು" ಎಂದರು.

ಕಡೂರು ಸ್ಟೇಷನ್ನಿಗೆ ಮಾವ ಆಟೋ ತಂದಿದ್ದ. ದಾರಿಯುದ್ದಕ್ಕೂ ಎಲ್ಲವನ್ನೂ ಅವರವರ ದನಿಯಲ್ಲೇ ಹೇಳಿ ಒಪ್ಪಿಸಿದೆ. ಮಾವ ಹ್ಯಾಂಡಲ್ ತಟ್ಟಿ ತಟ್ಟಿ ನಕ್ಕ. "ಆಗುತ್ತೆ ಬಿಡೋ. ನಿನ್ನೆದೆ ಗಟ್ಟಿ."

"ಗಟ್ಟಿ ಅಲ್ಲ ಮಾವ, ಮರಗಟ್ಟಿ."

"ಥೂ ನಿನ್ನ. ಅಕ್ಕನ್ ಥರಾನೇ ಬಾಯಿ" ಎಂದು ಇನ್ನೂ ನಕ್ಕ. ಆಮೇಲೆ ತೋಳಿನಿಂದ ಕಣ್ಣೊರೆಸಿಕೊಂಡ.

ಫಲಿತಾಂಶ ಬಂದಾಗ ನಾನು ಗೊಬ್ಬರದಂಗಡಿಯಲ್ಲಿದ್ದೆ. ಅಪ್ಪ ಯೂರಿಯಾ ಚೀಲದ ಬಾಯಿ ಹೊಲಿಯುತ್ತಿದ್ದ. ಟೀವಿ ವಾರ್ತೆ ಓದುವವನ ದನಿ ತೆಗೆದು ಹೇಳಿದೆ: "ಅಜ್ಜಂಪುರದ ಓಂಕಾರೇಶ್ ಈ ಬಾರಿ ಆಯ್ಕೆಯಾಗಿಲ್ಲವೆಂದು ತಿಳಿಸಲು ಕಂಪನಿಯು ವಿಷಾದಿಸಿದೆ. ಮುಂದಿನ ತಂಡಕ್ಕೆ ಮತ್ತೆ ಅರ್ಜಿ ಹಾಕಬಹುದೆಂದೂ ತಿಳಿದುಬಂದಿದೆ."

ಅಪ್ಪ ಸೂಜಿ ನಿಲ್ಲಿಸಿ ನೋಡಿದ. "ಆ ಟೀವಿ ಆಫ್ ಮಾಡ್ಬಿಟ್ಟು ಹೇಳೋ."

ಬಾಯಿ ತೆರೆದೆ. ಟೀವಿ ಆಫ್ ಆಯಿತು. ಆದರೆ ಅದರ ಹಿಂದೆ ಬೇರೆ ಯಾರೂ ಮಾತಾಡುವವರು ಇರಲಿಲ್ಲ. ಅಷ್ಟರಲ್ಲಿ ಮಾವನ ಆಟೋ ಬಂದದ್ದು ಒಳ್ಳೆಯದೇ ಆಯಿತು.

"ಬಾರೋ, ನಾಳೆ ನೀರಿಲ್ಲ ಅಂತ ಕೂಗ್ಬೇಕು. ಪೆನ್‌ಡ್ರೈವ್ ಓದ್ತಿಲ್ಲ, ಲೈವೇ ಹೇಳ್ಬಿಡು."

ಹಿಂದಿನ ಸೀಟಿನಲ್ಲಿ ಕೂತು ಮೈಕ್ ಹಿಡಿದೆ. ಆಟೋ ನಮ್ಮ ಬೀದಿಗೆ ತಿರುಗಿತು. ನೀರಿನ ಸುದ್ದಿಗೆ ನಾನು ಇಟ್ಟುಕೊಂಡಿದ್ದ ದನಿ ಹಳೇ ಸ್ಕೂಲ್ ಮೇಷ್ಟ್ರದ್ದು. ಅದನ್ನೇ ತೆಗೆದೆ.

"ಸಾರ್ವಜನಿಕರಲ್ಲಿ ವಿನಂತಿ. ಮೋಟಾರ್ ರಿಪೇರಿ ಇರುವುದರಿಂದ ನಾಳೆ ನೀರು ಬರುವುದಿಲ್ಲ ಎಂದು ತಿಳಿಸಲು..."

ಮೇಷ್ಟ್ರು ಅಲ್ಲಿಗೆ ಎದ್ದುಹೋದರು. ಮುಂದಿನ ಪದಕ್ಕೆ ಬಂದ ದನಿ ಯಾರದೆಂದು ನನಗೆ ಗುರುತು ಹತ್ತಲಿಲ್ಲ. ಎಳೆಯಲು ಬಾರದ, ಇಳಿಸಲು ಬಾರದ ದನಿ. 'ವಿಷಾ' ಎಂದಿತು. ಇನ್ನೊಂದು ಸಲ 'ವಿಷಾ' ಎಂದಿತು. ಆಮೇಲೆ ಎರಡು ಹಾರ್ನುಗಳಿಂದ ಬೀದಿಗೆಲ್ಲ ಕೇಳಿಸಿದ್ದು ನಾನು ಮೂಗು ಸೇದುವ ಸದ್ದು. ಮಾವ ಬ್ರೇಕ್ ಹಾಕಿದ. ತಿರುಗಿ ನೋಡಲಿಲ್ಲ.

ಬಾಗಿಲುಗಳು ತೆರೆದವು. ಹುಲಿಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು. "ಯಾರಪ್ಪಾ ಹೋದ್ರು?"

"ಯಾರೂ ಇಲ್ಲ ಕಣಮ್ಮ" ಎಂದೆ. ಅದೂ ಹಾರ್ನಿನಲ್ಲೇ ಹೋಯಿತು. "ನಾಳೆ ನೀರು ಬರಲ್ಲ."

ಅವಳು ಆಟೋದೊಳಗೆ ತಲೆ ಹಾಕಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು.

"ಅಯ್ಯೋ ನನ್ನಪ್ಪಾ, ಅದುಕ್ ಯಾಕ್ ಅಳ್ತೀಯೋ? ನಮ್ಮನೇ ಹಂಡೇಲಿ ತುಂಬ್ಸಿಟ್ಟಿದೀನಿ. ಬಾ, ಎರಡು ಕೊಡ ತಗೊಂಡ್ ಹೋಗು."